ಹದಿನೈದು ಮಿನಿಟ

ಪಾಸ್‌ಪೋರ್ಟ್ ಬ್ಯಾಡ, ವೋಟಿನ ಕಾರ್ಡ್ ಇದ್ರ ಸಾಕು
ಅಂತ ಅರ್ಜುನ ಮಾಸ್ತರ ಹೇಳಿದ ದಿನ
ಶಹಾಬಾದಿನ ನಮ್ಮ ಓಣ್ಯಾಗ ಯಾರೂ ನಂಬಲಿಲ್ಲ.
ವಿಮಾನ ಹತ್ತದೆ ಅದೆಂಥಾ ಫಾರೀನು ಅತ್ತಿ,
ಅಂತ ಸೊಸಿ ನಕ್ಕಳು.
ಟ್ರಂಕಿನ ತಳದಿಂದ ಕಾರ್ಡ್ ತಗದು ನೋಡಿದೆ.
ಫೋಟೋ ಹೊಡಸೂ ದಿನ ಖಣಿಯಿಂದ ಹಂಗೇ ಬಂದಿದ್ದೆ,
ರೆಪ್ಪಿ ಮ್ಯಾಲ ಫರಸಿ ಧೂಳು,
ನನ್ನಕಿಂತ ನಮ್ಮವ್ವನ ಹಂಗ ಕಾಣ್ತಿದ್ದೆ.

ಹದಿನೇಳು ಮಂದಿ. ಇನ್ನೂರು ಕಡಕ್ ರೊಟ್ಟಿ.
ಶೇಂಗಾ ಹಿಂಡಿ ಒಂದು ಡಬ್ಬಿ, ಅದೂ ಚಂದ್ರಭಾಗಾನ ತೊಡಿ ಮ್ಯಾಲ.
ದೌಂಡಿನಾಗ ಗಾಡಿ ಬದಲಿ ಮಾಡಿದಾಗ
ರೊಟ್ಟಿ ಇನ್ನಾ ಚಂದ್ರನ ಹಂಗಿದ್ವು,
ಇಟಾರ್ಸಿಗಿ ಅರ್ಧ,
ಲಖನೌ ಬರೂದ್ರಾಗ ಮುಷ್ಟಿ ತುಂಬ ನುಚ್ಚು.

ಉಳದವರು ಕಿಟಕ್ಯಾಗ ನದಿ ನೋಡಿದ್ರು, ಹೊಲ ನೋಡಿದ್ರು.
ನಾ ನೆಲ ನೋಡಿದೆ.
ಗಾಡಿ ನಿಂತಲ್ಲೆಲ್ಲಾ ಇಳದು ಫಲಾಟು ತುಳದೆ.
ಇದು ನಮ್ಮದು. ಇದೂ ನಮ್ಮದೇ.
ಇದು ಗ್ರಾನೈಟು, ಹೊಳಿತದ, ಕಾಲು ಹಿಡಿಯಂಗಿಲ್ಲ.
ಟಿಸಿ ಕೇಳಿದ, ಎಲ್ಲಿಯವರು?
ಶಹಾಬಾದ್ ಅಂದೆ.
ಓ ಹರದೋಯಿ ಬಲ್ಲೀದು, ಅಂದ ಹಿಂದ್ಯಾಗ.
ಅಲ್ಲಪ್ಪ, ಅಂದೆ,
ಹೆಬ್ಬೆರಳಿಲೆ ಕೆಳಗ ತೋರಸಿದೆ,
ನೀ ನಿಂತಿಯಲ್ಲ, ಆ ಶಹಾಬಾದ್.
ಅವ ತನ್ನ ಬೂಟು ನೋಡಿಕೊಂಡ.

ಗೋರಖಪುರದಿಂದ ಬಸ್ಸು.
ಮೂರು ತಾಸು, ಮೂರು ಕಡಿ ವಾಂತಿ,
ಸೀಟಿನ ಹಿಂದ ಒಬ್ಬ ಹುಡುಗ ಮಂಜಿನ್ಯಾಗ ಕೆಮ್ಮತಿದ್ದ.
ಸುನೌಲಿಯಾಗ ಇಳದ್ರ
ಸಂತಿ ಬಜಾರದಂಥಾ ಒಂದು ಬೀದಿ, ಒಂದು ಕಮಾನು,
ಸೈಕಲ್ ರಿಕ್ಷಾ, ಈರುಳ್ಳಿ ಮೂಟಿ, ಪೊಲೀಸರ ಆಕಳಿಕಿ.
ಮಾಸ್ತರ ಅಂದ, ನಡೀರಿ, ಇನ್ನ ಇಪ್ಪತ್ತು ಹೆಜ್ಜಿ.
ಚಂದ್ರಭಾಗಾ ನಿಂತೇ ಬಿಟ್ಟಳು.
ಗೆರಿ ಎಲ್ಲದ?
ಮೂವತ್ತು ವರ್ಷ ಇಬ್ಬರೂ ಕೂಡಿ ಕಲ್ಲಿನ ಮ್ಯಾಲ
ಕೆಂಪು ನೂಲು ಹೊಡದವರು ನಾವು,
ನೂಲು ಬೀಳದೆ ಕಲ್ಲು ಕೊಯ್ಯೂದು ಹೆಂಗ?
ಆ ಕಡಿ ಮಣ್ಣು, ಈ ಕಡಿ ಮಣ್ಣು.
ಒಂದು ನಾಯಿ ಆ ದೇಶದಿಂದ ಬಂದು
ಈ ದೇಶದ ಬಾಳಿಸಿಪ್ಪಿ ಮೂಸಿ ಹೊಳ್ಳಿ ಹೋಯ್ತು.

ಆಚಿ ಬಸ್ಸಿನ ಕಂಡಕ್ಟರ ನನ್ನ ಕೈ ಹಿಡದು ಗಡಿಯಾರ ನೋಡಿದ.
ಸೂಪರ್ ಮಾರ್ಕೆಟಿನಾಗ ನೂರೈವತ್ತು ಕೊಟ್ಟು ತಂದದ್ದು.
ಹದಿನೈದು ಮಿನಿಟ ಹಿಂದದ ಅಮ್ಮಾ,
ಅಂತ ತಾನೇ ಕಿವಿ ತಿರವಿ ಸರಿ ಮಾಡಿದ.
ಯಾರ ತಲಿ ಮ್ಯಾಲಿಂದ ಹೋದ್ವು ಈ ಹದಿನೈದು?
ಖಣಿಯಾಗ ಸೈರನ್ನಿಗಿಂತ ಐದು ಮಿನಿಟ ತಡಾ ಆದ್ರ
ಅರ್ಧ ದಿನದ ಪಗಾರ ಹಿಡೀತಿದ್ರು.

ಲುಂಬಿನಿಯಾಗ ಬರಿಗಾಲು. ತಣ್ಣನ ನೆಲ.
ಬುದ್ಧ ಹುಟ್ಟಿದ ಜಾಗಾ ಅಂತ
ಗಾಜಿನ ಕೆಳಗ ಒಂದು ಕಲ್ಲು ಇಟ್ಟಾರ.
ಮಂದಿ ಅತ್ತರು, ಮಾಸ್ತರ ದಪ್ಪ ದನಿಲೆ ವಂದನಾ ಹೇಳಿದ.
ನನಗ ಅಳು ಬರಲಿಲ್ಲ.
ಅದಕ್ಕ ಯಾರೂ ಪಾಲಿಶ್ ಹೊಡದಿಲ್ಲ,
ಅದನ್ನ ನೋಡಕೋತ ನಿಂತೆ.
ಅಂಚು ಕೊಯ್ದಿಲ್ಲ, ಗುಣಿಗಿ ಗುಣಿ ಹಂಗೇ ಅವ.
ಬೆರಳು ತಾವೇ ಗಾಜಿನ ಮ್ಯಾಲ ಹೋದ್ವು,
ಸವದ ಬೆರಳು, ಗೆರಿ ಅಳಸಿ
ಆಧಾರದ ಮಷೀನು ಸೈತ ಒಪ್ಪದ ಬೆರಳು.
ಹೊರಗ ಬಂದ ಮ್ಯಾಲ ಚಂದ್ರಭಾಗಾ ಕೇಳಿದಳು,
ನೀ ಎಲ್ಲಿ ಹುಟ್ಟಿದ್ದೆಲೇ?
ಮೂರನೇ ನಂಬರ ಖಣಿ, ಹೆಚ್ಚಿನ ಶೆಡ್ಡು, ಅಂದೆ.
ಈಗ ಅಲ್ಲಿ ನೀರು ನಿಂತದ, ಹುಡುಗರು ಈಸ್ತಾರ.

ಹೊಳ್ಳಿ ಬಂದು ಎಂಟು ತಿಂಗಳಾತು.
ಗಡಿಯಾರ ಹಿಂದ ತಿರವಿಲ್ಲ.
ತಪ್ಪು ತೋರಸ್ತದ ಅಂತಾಳ ಸೊಸಿ.
ತೋರಸಲಿ.
ಆರಕ್ಕ ನಳಾ ಬಿಡ್ತಾರ,
ಐದೂ ಮುಕ್ಕಾಲಿಗಿ
ನನ್ನ ಕೊಡಾ ಒಂದೇ ಇರ್ತದ ಅಲ್ಲಿ.